ಯಂತ್ರದೊಳಗೆ ಯಾರಿದ್ದಾರೆ?

ಒಂದು ಕಡೆ ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ಅಳೆದು ನೋಡುವ ಡೀಪ್ ಬ್ಲೂ. ಇನ್ನೊಂದು ಕಡೆ 1985ರಿಂದ ವಿಶ್ವ ಚಾಂಪಿಯನ್ ಪಟ್ಟ ಬಿಟ್ಟುಕೊಡದ ಗ್ಯಾರಿ ಕ್ಯಾಸ್ಪರೋವ್. 1997ರ ಮೇ ತಿಂಗಳ ಆ ಒಂಬತ್ತು ದಿನಗಳಲ್ಲಿ ಚೆಸ್ ಜಗತ್ತು ಬದಲಾಯಿತು. ಪಂದ್ಯ ತಿರುಗಿದ್ದು ಮಾತ್ರ ಎರಡನೇ ಆಟದಲ್ಲಿ, ಚಾಂಪಿಯನ್ನನ ತಲೆಯೊಳಗೆ ಹೊಕ್ಕ ಒಂದು ಅನುಮಾನದಿಂದ!

ನ್ಯೂಯಾರ್ಕ್‌ನ ಈಕ್ವಿಟಬಲ್ ಸೆಂಟರ್ ಕಟ್ಟಡದ 35ನೇ ಮಹಡಿ. 1997ರ ಮೇ 4, ಭಾನುವಾರ. ಸಣ್ಣ ಕೋಣೆ, ಸುತ್ತ ಕ್ಯಾಮೆರಾಗಳು, ನಡುವೆ ಒಂದು ಮೇಜು. ಕಪ್ಪು ಕಾಯಿಗಳ ಹಿಂದೆ ತಲೆಗೆ ಕೈಯೊತ್ತಿ ಕುಳಿತ ಗ್ಯಾರಿ ಕ್ಯಾಸ್ಪರೋವ್.

ಎದುರು ಕುರ್ಚಿಯಲ್ಲಿದ್ದ ಐಬಿಎಂ ಎಂಜಿನಿಯರ್ ನಿಜವಾದ ಎದುರಾಳಿಯಲ್ಲ. ಪಕ್ಕದ ಪರದೆಯಲ್ಲಿ ಮೂಡಿದ ನಡೆಯನ್ನು ನೋಡಿ ಕಾಯಿ ಸರಿಸುವುದು, ಗಡಿಯಾರದ ಗುಂಡಿ ಒತ್ತುವುದು, ಕ್ಯಾಸ್ಪರೋವ್ ಆಡಿದ್ದನ್ನು ಕೀಲಿಮಣೆಯಲ್ಲಿ ಒತ್ತಿ ತಿಳಿಸುವುದು, ಇಷ್ಟೇ ಅವರ ಕೆಲಸ. ನಿಜವಾದ ಎದುರಾಳಿ ಬೇರೊಂದು ಕೋಣೆಯಲ್ಲಿ ನಿಂತಿದ್ದ 1.4 ಟನ್ ತೂಕದ ಎರಡು ಕಪ್ಪು ಕಪಾಟುಗಳು. ಹೆಸರು ಡೀಪ್ ಬ್ಲೂ. ಪ್ರೇಕ್ಷಕರಿಗೆ ಆಟಗಾರನನ್ನಾಗಲೀ ಯಂತ್ರವನ್ನಾಗಲೀ ನೇರವಾಗಿ ನೋಡುವ ಭಾಗ್ಯವಿಲ್ಲ. ಅವರು ಕಟ್ಟಡದ ಕೆಳಗಿನ ಸಭಾಂಗಣದಲ್ಲಿ ದೊಡ್ಡ ಪರದೆಗಳ ಮುಂದೆ ಕುಳಿತಿದ್ದರು.

ಆರು ಆಟಗಳ ಪಂದ್ಯದ ಎರಡನೇ ಆಟ ಅದು. 36ನೇ ನಡೆಯ ಹೊತ್ತಿಗೆ ಬಿಳಿ ಕಾಯಿಗಳ ಕೈ ಮೇಲಾಗಿತ್ತು. ರಾಣಿಯನ್ನು ಒಳಕ್ಕೆ ನುಗ್ಗಿಸಿದರೆ ಕಪ್ಪಿನ ಪದಾತಿಗಳು ಸುಲಭವಾಗಿ ಕೈಗೆ ಸಿಗುವಂತಿದ್ದವು. ಕ್ಯಾಸ್ಪರೋವ್ ಕಾದಿದ್ದು ಅದಕ್ಕೇ. ಅವರು ಕಂಡ ಕಂಪ್ಯೂಟರುಗಳೆಲ್ಲ ಕಾಯಿ ಕಂಡರೆ ಬಿಡದವು. ರಾಣಿ ಅತ್ತ ಹೋದೊಡನೆ ಇತ್ತ ತಮ್ಮ ಕಾಯಿಗಳಿಗೆ ದಾರಿ ಬಿಡಿಸಿಕೊಳ್ಳಬಹುದು ಎಂಬುದು ಅವರ ಲೆಕ್ಕ.

ಡೀಪ್ ಬ್ಲೂ ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡಿತು. ರಾಣಿಯನ್ನು ಮುಟ್ಟಲಿಲ್ಲ. ಪದಾತಿಗಳನ್ನು ವಿನಿಮಯ ಮಾಡಿಕೊಂಡು, ಮರುನಡೆಯಲ್ಲಿ ಒಂಟೆಯನ್ನು ತಂದು ಪಟದ ನಡುವಿನ ಮನೆಯಲ್ಲಿ ನಿಲ್ಲಿಸಿತು. ಕಪ್ಪಿನ ದಾರಿಗಳೆಲ್ಲ ಒಮ್ಮೆಗೇ ಮುಚ್ಚಿಹೋದವು. ಗೆಲ್ಲುವ ಅವಸರವೇ ಇಲ್ಲದ, ಎದುರಾಳಿಯ ಉಸಿರು ಕಟ್ಟಿಸುವ ನಡೆ ಅದು. ಕ್ಯಾಸ್ಪರೋವ್‌ಗಿಂತ ಮೊದಲು ವಿಶ್ವ ಚಾಂಪಿಯನ್ ಆಗಿದ್ದ ಅನತೋಲಿ ಕಾರ್ಪೋವ್ ತಮ್ಮ ಉಚ್ಛ್ರಾಯದ ದಿನಗಳಲ್ಲಿ ಆಡುತ್ತಿದ್ದಂಥದ್ದು.

45ನೇ ನಡೆಗೆ ಕ್ಯಾಸ್ಪರೋವ್ ಸೋಲೊಪ್ಪಿಕೊಂಡು ಎದ್ದರು.

ಮರುದಿನ ಇನ್ನೊಂದು ಪೆಟ್ಟು ಬಿತ್ತು. ರಾತ್ರಿಯಿಡೀ ಮನೆಯ ಕಂಪ್ಯೂಟರುಗಳಲ್ಲಿ ಆ ಕೊನೆಯ ಸ್ಥಿತಿಯನ್ನು ಕೆದಕಿದ್ದ ಚೆಸ್ ಪ್ರಿಯರು ಇಂಟರ್ನೆಟ್ಟಿನಲ್ಲಿ ಒಂದು ಸಂಗತಿ ಹೊರಗೆಡವಿದ್ದರು. ಕ್ಯಾಸ್ಪರೋವ್ ಕೈಚೆಲ್ಲಿದ ಆ ಸ್ಥಿತಿಯಲ್ಲಿ ಕಪ್ಪು ರಾಣಿ ಒಳನುಗ್ಗಿದ್ದರೆ, ಬಿಳಿ ರಾಜನಿಗೆ ಮೇಲಿಂದ ಮೇಲೆ ಚೆಕ್ ಕೊಟ್ಟು ಆಟವನ್ನು ಡ್ರಾ ಮಾಡಿಕೊಳ್ಳುವ ದಾರಿ ಇತ್ತು. ಯಂತ್ರವೇ ಕೊನೆಯ ಗಳಿಗೆಯಲ್ಲಿ ತಪ್ಪಿತ್ತು, ಚಾಂಪಿಯನ್ ಅದನ್ನು ನೋಡಲೇ ಇಲ್ಲ. ಸಹಾಯಕ ಯೂರಿ ದೋಖೊಯಾನ್ ಊಟಕ್ಕೆ ಹೋಗುವ ದಾರಿಯಲ್ಲಿ ಈ ಸುದ್ದಿ ಹೇಳಿದಾಗ ಕ್ಯಾಸ್ಪರೋವ್ ಬೀದಿಯಲ್ಲೇ ನಿಂತುಬಿಟ್ಟರು.

ಅಷ್ಟು ದೊಡ್ಡ ಆಟಗಾರ ಅದನ್ನು ಹುಡುಕಲಿಲ್ಲ ಏಕೆ? ಅಂಥ ಒಂಟೆ ನಡೆ ಆಡಬಲ್ಲ ಯಂತ್ರ ಇಷ್ಟು ಸರಳ ಡ್ರಾವನ್ನು ಬಿಟ್ಟುಕೊಡಲಾರದು ಎಂದು ಅವರು ನಂಬಿದ್ದರು. ಆ ನಂಬಿಕೆಯ ಬೆನ್ನಿಗೇ ಇನ್ನೊಂದು ಸಂಶಯ ಬೆಳೆಯಿತು. ಇದನ್ನು ಆಡಿದ್ದು ಯಂತ್ರವೇ ಹೌದೇ? ಪತ್ರಕರ್ತರ ಮುಂದೆ ಅವರು 1986ರ ವಿಶ್ವಕಪ್ ಫುಟ್‌ಬಾಲನ್ನು ನೆನಪಿಸಿದರು. ಮರಡೋನಾ ಕೈಯಿಂದ ತಳ್ಳಿದ ಗೋಲು, ದೇವರ ಕೈ ಎಂದು ಹೆಸರಾದ ಗೋಲು. ಇಲ್ಲೂ ಯಾರದೋ ಕೈ ಆಡಿದೆ ಎಂಬ ಆರೋಪ ಅದರೊಳಗಿತ್ತು.

ಪೆಟ್ಟಿಗೆಯೊಳಗಿನ ಮನುಷ್ಯ

ಯಂತ್ರದೊಳಗೆ ಮನುಷ್ಯನಿದ್ದಾನೆ ಎಂಬ ಶಂಕೆ ಚೆಸ್ ಯಂತ್ರದಷ್ಟೇ ಹಳೆಯದು. ಮೊದಲ ಚೆಸ್ ಯಂತ್ರದ ಮಟ್ಟಿಗೆ ಅದು ನಿಜವೂ ಆಗಿತ್ತು.

1770ರಲ್ಲಿ ವಿಯೆನ್ನಾದಲ್ಲಿ, ರಾಣಿ ಮರಿಯಾ ಥೆರೇಸಾರ ಆಸ್ಥಾನದಲ್ಲಿ ವೋಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ಒಂದು ಗೊಂಬೆಯನ್ನು ಪ್ರದರ್ಶಿಸಿದ. ತಲೆಗೆ ಮುಂಡಾಸು ಸುತ್ತಿದ ತುರ್ಕನ ವೇಷದ ಗೊಂಬೆ. ಅದರ ಮುಂದೆ ದೊಡ್ಡ ಮರದ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚದುರಂಗದ ಪಟ. ಆಟಕ್ಕೆ ಮೊದಲು ಕೆಂಪೆಲೆನ್ ಒಂದೊಂದೇ ಬಾಗಿಲು ತೆರೆದು ಒಳಗಿನ ಗಾಲಿ, ಹಲ್ಲುಚಕ್ರಗಳನ್ನು ಸಭೆಗೆ ತೋರಿಸುತ್ತಿದ್ದ. ನೋಡುವವರಿಗೆ ಕಾಣದಂತೆ ಒಳಗೆ ಒಬ್ಬ ನುರಿತ ಆಟಗಾರ ಜಾರುವ ಆಸನದ ಮೇಲೆ ಅತ್ತಿಂದಿತ್ತ ಸರಿಯುತ್ತಿದ್ದ. ಆತ ಆಡುತ್ತಿದ್ದುದು ಮೇಣದಬತ್ತಿಯ ಬೆಳಕಿನಲ್ಲಿ. 1809ರಲ್ಲಿ ನೆಪೋಲಿಯನ್ ಕೂಡ ಈ ಗೊಂಬೆಯೆದುರು ಆಡಿದ.

ಅಮೆರಿಕಕ್ಕೆ ಹೋದ ಗೊಂಬೆಯನ್ನು ನೋಡಿ ಎಡ್ಗರ್ ಅಲನ್ ಪೋ 1836ರಲ್ಲಿ ಒಂದು ಪ್ರಬಂಧ ಬರೆದರು. ಒಳಗೆ ಮನುಷ್ಯನೇ ಇದ್ದಾನೆ ಎನ್ನಲು ಅವರು ಕೊಟ್ಟ ಕಾರಣಗಳಲ್ಲಿ ಒಂದು ಇಂದಿಗೂ ಯೋಚನೆಗೆ ಹಚ್ಚುತ್ತದೆ. ಗೊಂಬೆ ಆಗಾಗ ಸೋಲುತ್ತದೆ, ಅಪ್ಪಟ ಯಂತ್ರವಾಗಿದ್ದರೆ ಅದು ಎಂದೂ ಸೋಲಬಾರದಿತ್ತು ಎಂಬುದು ಅವರ ವಾದ. ಯಂತ್ರ ತಪ್ಪಿದ್ದಕ್ಕೆ ಪೋ ಮನುಷ್ಯನನ್ನು ಶಂಕಿಸಿದರು. 161 ವರ್ಷಗಳ ನಂತರ ಕ್ಯಾಸ್ಪರೋವ್ ಶಂಕಿಸಿದ್ದು ಯಂತ್ರ ಅತಿ ಚೆನ್ನಾಗಿ ಆಡಿತೆಂಬ ಕಾರಣಕ್ಕೆ.

ತುರ್ಕ 1854ರಲ್ಲಿ ಬೆಂಕಿಗೆ ಆಹುತಿಯಾಯಿತು. ಊರು ಫಿಲಡೆಲ್ಫಿಯಾ. ಈ ಊರಿನ ಹೆಸರು ನಮ್ಮ ಕಥೆಯಲ್ಲಿ ಮತ್ತೆ ಬರಲಿದೆ.

---

ಮೈಸೂರಿನ ಕುದುರೆ

ತುರ್ಕ ಗೊಂಬೆ ಆಟದ ಜೊತೆಗೆ ಇನ್ನೊಂದು ಚಮತ್ಕಾರ ತೋರಿಸುತ್ತಿತ್ತು. ಒಂದೇ ಕುದುರೆ 64 ಮನೆಗಳನ್ನೂ, ಯಾವ ಮನೆಯನ್ನೂ ಎರಡನೇ ಸಲ ತುಳಿಯದೆ, ಸುತ್ತಿ ಬರುವುದು. ಇದೇ ಕುದುರೆಯ ಓಟದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮುಳುಗಿಹೋಗಿದ್ದರು.

ಕುದುರೆ ಹೋದ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಕೊಡುತ್ತಾ ಹೋಗಬೇಕು. ಪ್ರತಿ ಅಡ್ಡ ಸಾಲು, ಪ್ರತಿ ಉದ್ದ ಸಾಲಿನ ಮೊತ್ತ 260 ಆಗಬೇಕು. ಇಂಥ ಮಾಯಾಚೌಕದ ಓಟವನ್ನು ಮೊದಲು ಪ್ರಕಟಿಸಿದ್ದು ಇಂಗ್ಲೆಂಡಿನ ವಿಲಿಯಂ ಬೆವರ್ಲಿ, 1848ರಲ್ಲಿ. ನಂತರದ ದಶಕಗಳಲ್ಲಿ ಇವನ್ನು ಕಟ್ಟಿದವರ ಮೊದಲ ಸಾಲಿನಲ್ಲೇ ಮುಮ್ಮಡಿಯವರ ಹೆಸರಿದೆ.

ಎರಡು ಕರ್ಣಗಳ ಮೊತ್ತವೂ 260 ಬರುವ ಓಟ ಇದೆಯೇ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2003ರಲ್ಲಿ. ಎಲ್ಲ ಸಾಧ್ಯತೆಗಳನ್ನೂ ಕಂಪ್ಯೂಟರಿನಿಂದ ಜಾಲಾಡಿಸಿದಾಗ ಅಂಥದ್ದು ಒಂದೂ ಇಲ್ಲ ಎಂದು ಖಚಿತವಾಯಿತು.

---

ಕಾಗದದ ಮೇಲಿನ ಯಂತ್ರ

ನಿಜವಾದ ಚೆಸ್ ಪ್ರೋಗ್ರಾಂ ಹುಟ್ಟಿದ್ದು ಕಂಪ್ಯೂಟರ್ ಇಲ್ಲದೆ. ಅಲನ್ ಟ್ಯೂರಿಂಗ್ ನಿಯಮಗಳನ್ನು ಕಾಗದದ ಮೇಲೆ ಬರೆದುಕೊಂಡು, 1952ರಲ್ಲಿ ಸಹೋದ್ಯೋಗಿ ಆಲಿಕ್ ಗ್ಲೆನ್ನಿ ಎದುರು ತಾವೇ ಯಂತ್ರವಾಗಿ ಕುಳಿತರು. ಪ್ರತಿ ನಡೆಗೂ ಕೈಯಲ್ಲೇ ಲೆಕ್ಕ ಹಾಕಿದರು. ಕಾಗದದ ಯಂತ್ರ ಸೋತಿತು.

ಅದಕ್ಕೂ ಮೊದಲೇ, 1950ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಕ್ಲಾಡ್ ಶಾನನ್ ಹಾದಿ ತೋರಿಸಿದ್ದರು. ಬಿಳಿಯ ಮೊದಲ ನಡೆಗೆ 20 ಆಯ್ಕೆ, ಕಪ್ಪಿನ ಉತ್ತರಕ್ಕೆ 20. ಒಂದೊಂದೇ ನಡೆ ಮುಗಿಯುವಷ್ಟರಲ್ಲಿ 400 ಸಾಧ್ಯತೆ. ಹೀಗೇ ಬೆಳೆಯುತ್ತಾ ಹೋದರೆ ಇಡೀ ಆಟದ ಸಾಧ್ಯತೆಗಳು 1ರ ಮುಂದೆ 120 ಸೊನ್ನೆ ಇಟ್ಟಷ್ಟು. ಎಲ್ಲವನ್ನೂ ನೋಡುವುದು ಯಾವ ಯಂತ್ರಕ್ಕೂ ಆಗದ ಮಾತು. ಹಾಗಾಗಿ ಕೆಲವು ನಡೆಗಳಷ್ಟು ಮುಂದಕ್ಕೆ ನೋಡಿ, ಅಲ್ಲಿ ನಿಂತು, ಸ್ಥಿತಿಗೆ ಅಂಕ ಕೊಡಬೇಕು. ಪದಾತಿಗೆ 1, ಕುದುರೆ, ಒಂಟೆಗೆ 3, ಆನೆಗೆ 5, ರಾಣಿಗೆ 9. ಅದರ ಮೇಲೆ ರಾಜನ ರಕ್ಷಣೆ ಹೇಗಿದೆ, ಕಾಯಿಗಳಿಗೆ ಓಡಾಡಲು ಎಷ್ಟು ಜಾಗವಿದೆ ಎಂಬ ಸಣ್ಣಪುಟ್ಟ ಅಂಕಗಳು.

ಮುಂದಿನವರು ಇದಕ್ಕೆ ಒಂದು ಜಾಣತನ ಸೇರಿಸಿದರು. ಸಂತೆಯಲ್ಲಿ ಬುಟ್ಟಿಯ ಮೇಲಿನ ಒಂದು ಹಣ್ಣು ಕೊಳೆತಿದ್ದು ಕಂಡರೆ ಉಳಿದದ್ದನ್ನು ಮುಟ್ಟಿ ನೋಡದೆ ಮುಂದಿನ ಬುಟ್ಟಿಗೆ ಹೋಗುತ್ತೇವಲ್ಲ, ಹಾಗೆ. ಒಂದು ನಡೆಗೆ ಎದುರಾಳಿಯ ಬಳಿ ಒಂದೇ ಒಂದು ತಕ್ಕ ಉತ್ತರ ಸಿಕ್ಕರೂ ಸಾಕು, ಆ ನಡೆಯ ಉಳಿದ ಕವಲುಗಳನ್ನು ಯಂತ್ರ ನೋಡುವುದೇ ಇಲ್ಲ. ಬಿಟ್ಟುಬಿಡುವ ಈ ಕಲೆಯಿಂದಲೇ ಕಂಪ್ಯೂಟರಿಗೆ ಆಳಕ್ಕಿಳಿಯಲು ಸಾಧ್ಯವಾಯಿತು.

ಹತ್ತು ವರ್ಷದಲ್ಲಿ ಕಂಪ್ಯೂಟರ್ ವಿಶ್ವ ಚಾಂಪಿಯನ್ ಆಗುತ್ತದೆ ಎಂದು ಹರ್ಬರ್ಟ್ ಸೈಮನ್, ಅಲನ್ ನ್ಯೂವೆಲ್ 1950ರ ದಶಕದ ಕೊನೆಯಲ್ಲೇ ಭವಿಷ್ಯ ನುಡಿದಿದ್ದರು. ಅದು ಹುಸಿಯಾಯಿತು. ಹತ್ತು ವರ್ಷಗಳೊಳಗೆ ಯಾವ ಕಂಪ್ಯೂಟರೂ ತನ್ನನ್ನು ಸೋಲಿಸಲಾರದು ಎಂದು ಸ್ಕಾಟ್ಲೆಂಡಿನ ಆಟಗಾರ ಡೇವಿಡ್ ಲೆವಿ 1968ರಲ್ಲಿ ಕಟ್ಟಿದ ಬಾಜಿಯನ್ನು 1978ರಲ್ಲಿ ಟೊರಾಂಟೊದಲ್ಲಿ ಗೆದ್ದೇಬಿಟ್ಟರು. 1985ರಲ್ಲಿ ಹ್ಯಾಂಬರ್ಗ್‌ನಲ್ಲಿ 32 ಕಂಪ್ಯೂಟರುಗಳ ಜೊತೆ ಏಕಕಾಲಕ್ಕೆ ಆಡಿದ ಕ್ಯಾಸ್ಪರೋವ್ ಅಷ್ಟನ್ನೂ ಸೋಲಿಸಿದರು.

ಅದೇ 1985ರಲ್ಲಿ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ, ತೈವಾನ್‌ನಿಂದ ಬಂದ ಸಂಶೋಧನಾ ವಿದ್ಯಾರ್ಥಿ ಫೆಂಗ್-ಶಿಯುಂಗ್ ಶು ಚೆಸ್ ನಡೆಗಳನ್ನು ಹುಟ್ಟಿಸಲೆಂದೇ ಒಂದು ಚಿಪ್ ವಿನ್ಯಾಸಕ್ಕೆ ಕೈಹಾಕಿದ್ದರು. ಮರ್ರೆ ಕ್ಯಾಂಬೆಲ್ ಜೊತೆಗೂಡಿದರು. ಭಾರತೀಯ ಮೂಲದ ಥಾಮಸ್ ಅನಂತರಾಮನ್ ಕೂಡ ಈ ತಂಡದ ಮೊದಲ ದಿನಗಳ ಸದಸ್ಯರು. ಇವರ ಡೀಪ್ ಥಾಟ್ ಯಂತ್ರ 1988ರಲ್ಲಿ ಡೆನ್ಮಾರ್ಕಿನ ಗ್ರ್ಯಾಂಡ್‌ಮಾಸ್ಟರ್ ಬೆಂಟ್ ಲಾರ್ಸೆನ್ ಅವರನ್ನು ಸೋಲಿಸಿ ಹೆಸರು ಮಾಡಿತು. ಮರುವರ್ಷ ಕ್ಯಾಸ್ಪರೋವ್ ಎದುರು 0–2ರಿಂದ ಸೋತಿತು. ಅಷ್ಟರಲ್ಲಿ ಐಬಿಎಂ ತಂಡವನ್ನು ಕೈಗೆತ್ತಿಕೊಂಡಿತ್ತು. ಅಲ್ಲಿ ಡೀಪ್ ಥಾಟ್ ಬೆಳೆದು ಡೀಪ್ ಬ್ಲೂ ಆಯಿತು.

---

ಕಪ್ಪು ಕಪಾಟಿನೊಳಗೆ

• 30 ಪ್ರೊಸೆಸರುಗಳ ಐಬಿಎಂ ಸೂಪರ್‌ಕಂಪ್ಯೂಟರ್, ಅದಕ್ಕೆ ಜೋಡಿಸಿದ 480 ವಿಶೇಷ ಚೆಸ್ ಚಿಪ್‌ಗಳು.

• 1996ರಲ್ಲಿ ಸೆಕೆಂಡಿಗೆ ಸುಮಾರು 10 ಕೋಟಿ ಸ್ಥಿತಿ, 1997ರಲ್ಲಿ 20 ಕೋಟಿ.

• 1997ರ ಜೂನ್‌ನಲ್ಲಿ ಜಗತ್ತಿನ ವೇಗದ ಕಂಪ್ಯೂಟರುಗಳ ಪಟ್ಟಿಯಲ್ಲಿ 259ನೇ ಸ್ಥಾನ.

• ಗೆದ್ದವರಿಗೆ 7 ಲಕ್ಷ ಡಾಲರ್, ಸೋತವರಿಗೆ 4 ಲಕ್ಷ ಡಾಲರ್.

• ಒಂದು ಕಪಾಟು ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ, ಇನ್ನೊಂದು ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿದೆ.

---

ಮತ್ತೆ ಫಿಲಡೆಲ್ಫಿಯಾ

ತುರ್ಕ ಸುಟ್ಟುಹೋದ ಊರಿನಲ್ಲೇ, 1996ರ ಫೆಬ್ರುವರಿ 10ರಂದು, ಡೀಪ್ ಬ್ಲೂ ಕ್ಯಾಸ್ಪರೋವ್ ಅವರನ್ನು ಒಂದು ಆಟದಲ್ಲಿ ಸೋಲಿಸಿತು. ಟೂರ್ನಿಯ ಸಾಮಾನ್ಯ ಸಮಯಮಿತಿಯಲ್ಲಿ, ಪಟ್ಟದಲ್ಲಿದ್ದ ವಿಶ್ವ ಚಾಂಪಿಯನ್ ಕಂಪ್ಯೂಟರಿಗೆ ಸೋತದ್ದು ಅದೇ ಮೊದಲು.

ಕ್ಯಾಸ್ಪರೋವ್ ಚೇತರಿಸಿಕೊಂಡು ಆ ಪಂದ್ಯವನ್ನು 4–2ರಿಂದ ಗೆದ್ದರು. ಆದರೆ ಮೊದಲ ಆಟ ಮನಸ್ಸಿನಲ್ಲಿ ಉಳಿಯಿತು. ಮೇಜಿನ ಆಚೆ ಬದಿಯಲ್ಲಿ ಹೊಸ ಬಗೆಯ ಬುದ್ಧಿಯೊಂದರ ವಾಸನೆ ಬಡಿಯಿತು ಎಂಬರ್ಥದಲ್ಲಿ ಅವರು ಟೈಮ್ ಪತ್ರಿಕೆಗೆ ಬರೆದರು. ನನಗೆ ಈ ಬರಹ ಬಹಳ ಮುಖ್ಯವೆನಿಸುತ್ತದೆ. ನ್ಯೂಯಾರ್ಕಿನ ಅನುಮಾನದ ಬೀಜ ಬಿದ್ದದ್ದು ಅಲ್ಲಿ. ಲೆಕ್ಕ ಹಾಕುವ ಯಂತ್ರದಲ್ಲಿ ಅವರು ಒಬ್ಬ ಯೋಚಿಸುವವನನ್ನು ಕಾಣತೊಡಗಿದ್ದರು.

ದೋಷದಲ್ಲಿ ಕಂಡ ದೈವ

1997ರ ಮೇ 3ರಂದು ನಡೆದ ಮೊದಲ ಆಟವನ್ನು ಕ್ಯಾಸ್ಪರೋವ್ ಗೆದ್ದರು. ಆ ಆಟದ ಕೊನೆಯಲ್ಲಿ ಡೀಪ್ ಬ್ಲೂ ಒಂದು ವಿಚಿತ್ರ ನಡೆ ಆಡಿತು. ಸೋಲು ಸಮೀಪಿಸಿದ್ದಾಗ, 44ನೇ ನಡೆಗೆ, ತನ್ನ ಆನೆಯನ್ನು ಯಾವ ಉಪಯೋಗಕ್ಕೂ ಬಾರದ ಮನೆಗೆ ಕೊಂಡೊಯ್ದಿತು. ಮರುನಡೆಗೆ ಆಟವೇ ಮುಗಿಯಿತು.

ಗೆದ್ದವರು ಸಾಮಾನ್ಯವಾಗಿ ಇಂಥದ್ದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಕ್ಯಾಸ್ಪರೋವ್ ಅಂದು ರಾತ್ರಿ ತಮ್ಮ ತಂಡದೊಡನೆ ಕುಳಿತು ಆ ನಡೆಯ ಹಿಂದೆ ಬಿದ್ದರು. ಆನೆಯ ನಡೆಗೆ ಕಾರಣ ಇರಲೇಬೇಕಲ್ಲ? ಸಹಜವೆನಿಸುವ ಉಳಿದ ನಡೆಗಳನ್ನು ಬಹಳ ದೂರದವರೆಗೆ ಬೆನ್ನಟ್ಟಿ ನೋಡಿದಾಗ ಅವೆಲ್ಲ ಸೋಲಿನಲ್ಲಿ ಕೊನೆಯಾಗುತ್ತಿದ್ದವು. ಹಾಗಾದರೆ 20 ನಡೆಗಳಾಚೆಯ ಚೆಕ್‌ಮೇಟ್ ಯಂತ್ರಕ್ಕೆ ಕಾಣುತ್ತಿದೆ ಎಂಬ ತೀರ್ಮಾನಕ್ಕೆ ಬಂದರು.

ನಿಜ ಬೇರೆಯೇ ಇತ್ತು. ಅದೊಂದು ಬಗ್! ಯಾವ ನಡೆಯನ್ನು ಆರಿಸಬೇಕೆಂದು ನಿರ್ಧರಿಸಲಾಗದೆ ಪ್ರೋಗ್ರಾಂ ಸಿಕ್ಕಿಹಾಕಿಕೊಂಡಿತ್ತು. ಅಂಥ ಹೊತ್ತಿಗೆಂದು ಇಟ್ಟಿದ್ದ ಕಟ್ಟಕಡೆಯ ಉಪಾಯದಂತೆ ನಿಯಮಬದ್ಧವಾದ ಯಾವುದೋ ಒಂದು ನಡೆಯನ್ನು ಹೆಕ್ಕಿ ಆಡಿಬಿಟ್ಟಿತು. ಅನೇಕ ವರ್ಷಗಳ ನಂತರ ಮರ್ರೆ ಕ್ಯಾಂಬೆಲ್ ಇದನ್ನು ಲೇಖಕ ನೇಟ್ ಸಿಲ್ವರ್ ಅವರಿಗೆ ತಿಳಿಸಿದರು. 2012ರಲ್ಲಿ ಪುಸ್ತಕದ ಮೂಲಕ ಸಂಗತಿ ಎಲ್ಲರಿಗೂ ಗೊತ್ತಾಯಿತು.

ಆದರೆ 1997ರ ಆ ರಾತ್ರಿ ಕ್ಯಾಸ್ಪರೋವ್‌ಗೆ ಗೊತ್ತಾಗುವುದು ಹೇಗೆ? ಮರುದಿನ ಎರಡನೇ ಆಟಕ್ಕೆ ಕುಳಿತಾಗ ಎದುರಿಗಿದ್ದದ್ದು 20 ನಡೆ ಮುಂದೆ ಕಾಣುವ ಶಕ್ತಿ ಎಂದೇ ಅವರು ನಂಬಿದ್ದರು. ಒಂಟೆಯ ಆ ಸೊಗಸಾದ ನಡೆ ನಂಬಿಕೆಯನ್ನು ಇನ್ನಷ್ಟು ಗಟ್ಟಿ ಮಾಡಿತು. ಕೊನೆಯ ಸ್ಥಿತಿಯಲ್ಲಿ ಡ್ರಾ ಇದೆಯೇ ಎಂದು ಹುಡುಕುವ ಹಟ ಅಲ್ಲಿಗೆ ಬತ್ತಿಹೋಗಿತ್ತು.

ಒಂಟೆಯ ನಡೆಗೂ ಸೀದಾ ಕಾರಣವಿತ್ತು. ಐಬಿಎಂ ನಂತರ ಪ್ರಕಟಿಸಿದ ದಾಖಲೆಗಳಲ್ಲಿ ಅದು ಕಾಣುತ್ತದೆ. ರಾಣಿಯ ನಡೆಯೇ ಯಂತ್ರದ ಮೊದಲ ಆಯ್ಕೆಯಾಗಿತ್ತು. ಹುಡುಕಾಟ ಆಳಕ್ಕಿಳಿದಂತೆ ಆ ನಡೆಯ ಅಂಕ ಕುಸಿಯತೊಡಗಿತು. ಹಾಗೆ ಕುಸಿದರೆ ಹೆಚ್ಚು ಸಮಯ ತೆಗೆದುಕೊಂಡು ಬೇರೆ ದಾರಿ ನೋಡು ಎಂದು ಪ್ರೋಗ್ರಾಂನಲ್ಲೇ ಬರೆದಿತ್ತು. ಯಂತ್ರ ಅಷ್ಟನ್ನೇ ಮಾಡಿತು. ಈ ದಾಖಲೆಗಳನ್ನು ಕ್ಯಾಸ್ಪರೋವ್ ಪಂದ್ಯದ ನಡುವೆಯೇ ಕೇಳಿದ್ದರು. ಆಗಲೇ ಕೈಗಿಟ್ಟಿದ್ದರೆ ಅರ್ಧ ಸಂಶಯ ಅಲ್ಲೇ ಕರಗುತ್ತಿತ್ತು. ಕೊಡದೇ ಹೋದದ್ದು ಆಟಕ್ಕೆ ಮಾಡಿದ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

19 ನಡೆಯಲ್ಲಿ ಮುಗಿದ ಕಥೆ

ಮೂರು, ನಾಲ್ಕು, ಐದನೇ ಆಟಗಳು ಡ್ರಾ ಆದವು. ಅಂಕ 2.5–2.5. ಮೇ 11ರ ಕೊನೆಯ ಆಟಕ್ಕೆ ಬಂದ ಕ್ಯಾಸ್ಪರೋವ್ ದಣಿದಿದ್ದರು.

ಕಪ್ಪು ಕಾಯಿಗಳಲ್ಲಿ ಅವರು ಕಾರೋ-ಕಾನ್ ಆರಂಭವನ್ನು ಆರಿಸಿಕೊಂಡರು. ಏಳನೇ ನಡೆಗೆ ಅಂಚಿನತ್ತಲ ಪದಾತಿಯನ್ನು ಒಂದು ಮನೆ ಮುಂದೆ ತಳ್ಳಿ ಬಿಳಿ ಕುದುರೆಯನ್ನು ಕೆಣಕಿದರು. ಇಲ್ಲಿ ಬಿಳಿ ಕುದುರೆಯನ್ನೇ ಬಲಿಕೊಟ್ಟು ಒಳನುಗ್ಗಬಹುದು ಎಂಬುದು ಆ ಆರಂಭವನ್ನು ಬಲ್ಲವರಿಗೆಲ್ಲ ತಿಳಿದ ಸಂಗತಿ. ಕೂಡಲೇ ಕಾಣುವ ಲಾಭವಿಲ್ಲದೆ ಕಂಪ್ಯೂಟರ್ ಇಡೀ ಕುದುರೆಯನ್ನು ಬಿಟ್ಟುಕೊಡಲಾರದು ಎಂದು ಕ್ಯಾಸ್ಪರೋವ್ ಎಣಿಸಿದ್ದರು.

ಎಂಟನೇ ನಡೆಗೆ ಡೀಪ್ ಬ್ಲೂ ಕುದುರೆಯನ್ನು ಕೊಟ್ಟಿತು.

ಅದು ಯಂತ್ರದ ಯೋಚನೆಯಲ್ಲ. ಆರಂಭದ ನಡೆಗಳನ್ನು ತುಂಬಿಟ್ಟ ಅದರ ಭಂಡಾರದಲ್ಲಿ ಆ ನಡೆ ಸಿದ್ಧವಿತ್ತು. ಅದನ್ನು ಸೇರಿಸಿದ್ದು ಅದೇ ದಿನ ಬೆಳಿಗ್ಗೆ ಎಂದು ಐಬಿಎಂ ತಂಡದಲ್ಲಿದ್ದ ಸ್ಪೇನ್‌ನ ಗ್ರ್ಯಾಂಡ್‌ಮಾಸ್ಟರ್ ಮಿಗೆಲ್ ಇಲ್ಲೆಸ್ಕಾಸ್ ವರ್ಷಗಳ ನಂತರ ಸಂದರ್ಶನವೊಂದರಲ್ಲಿ ಹೇಳಿದರು.

ಕಪ್ಪು ರಾಜ ಪಟದ ನಡುವೆ ಸಿಕ್ಕಿಬಿದ್ದ. ಬಿಳಿಯ ಆನೆ, ಒಂಟೆಗಳಿಗೆ ಬದಲಾಗಿ ಕ್ಯಾಸ್ಪರೋವ್ ರಾಣಿಯನ್ನೇ ಒಪ್ಪಿಸಬೇಕಾಯಿತು. 19ನೇ ನಡೆಗೆ ಸೋಲೊಪ್ಪಿಕೊಂಡರು. ಆಟ ಸುಮಾರು ಒಂದು ಗಂಟೆ ನಡೆದಿತ್ತು, ಅಷ್ಟೇ. ಪಂದ್ಯ 3.5–2.5ರಿಂದ ಡೀಪ್ ಬ್ಲೂ ಪಾಲಾಯಿತು. ಮತ್ತೊಂದು ಪಂದ್ಯ ಬೇಕೆಂದು ಕ್ಯಾಸ್ಪರೋವ್ ಕೇಳಿದರು. ಐಬಿಎಂ ಒಪ್ಪಲಿಲ್ಲ, ಯಂತ್ರವನ್ನೇ ನಿವೃತ್ತಿಗೊಳಿಸಿತು.

ಯಂತ್ರದೊಳಗೆ ಯಾರಿದ್ದರು ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಆಟದ ನಡುವೆ ಯಾರೂ ಕೈಯಾಡಿಸಲಿಲ್ಲ. ಕೈಯಾಡಿಸಿದ್ದಕ್ಕೆ ಪುರಾವೆ ಇಂದಿಗೂ ಸಿಕ್ಕಿಲ್ಲ. ಆದರೆ ಗ್ರ್ಯಾಂಡ್‌ಮಾಸ್ಟರ್ ಜೋಯಲ್ ಬೆಂಜಮಿನ್ ತಿಂಗಳುಗಟ್ಟಲೆ ಅದರೆದುರು ಆಡಿ ಅದರ ದೌರ್ಬಲ್ಯಗಳನ್ನು ಹೆಕ್ಕಿದ್ದರು. ಯಾವ ಸ್ಥಿತಿಗೆ ಎಷ್ಟು ಅಂಕ ಎಂದು ಕ್ಯಾಂಬೆಲ್, ಜೋ ಹೋನ್ ಮೊದಲಾದವರು ತಿದ್ದಿ ತೀಡಿದ್ದರು. ಎರಡು ಆಟಗಳ ನಡುವೆ ಪ್ರೋಗ್ರಾಂ ತಿದ್ದಲು ನಿಯಮದಲ್ಲೇ ಅವಕಾಶವಿತ್ತು. ಇಲ್ಲೆಸ್ಕಾಸ್‌ರ ಬೆಳಗಿನ ಕುದುರೆಯೂ ಹಾಗೆಯೇ ಒಳಹೋಯಿತು. ಕ್ಯಾಸ್ಪರೋವ್‌ಗೆ ಮನುಷ್ಯರ ವಾಸನೆ ಬಡಿದದ್ದು ಸುಳ್ಳಲ್ಲ. ಆ ಮನುಷ್ಯರು ಆಟಕ್ಕೆ ಮೊದಲೇ ತಮ್ಮ ಕೆಲಸ ಮುಗಿಸಿದ್ದರು.

2017ರಲ್ಲಿ ಪ್ರಕಟವಾದ ತಮ್ಮ 'ಡೀಪ್ ಥಿಂಕಿಂಗ್' ಪುಸ್ತಕದಲ್ಲಿ ಕ್ಯಾಸ್ಪರೋವ್ ಈ ಆಟಗಳನ್ನು ಮತ್ತೆ ಬಿಚ್ಚಿ ನೋಡಿದರು. ಡೀಪ್ ಬ್ಲೂ ತಂಡದ ಬಗ್ಗೆ ಗೌರವ ಹೆಚ್ಚಿತೆಂದೂ ತಾವು ಆಡಿದ ರೀತಿ ಕಳಪೆಯಾಗಿತ್ತೆಂದೂ ಒಪ್ಪಿಕೊಂಡರು. ಚಾಂಪಿಯನ್ನರಿಂದ ಅಪರೂಪಕ್ಕೆ ಬರುವ ಮಾತು ಇದು.

ಬಾನ್‌ನಲ್ಲಿ ಕೊನೆಯ ಪರದೆ

ಆಮೇಲಿನದು ವೇಗವಾಗಿ ಸಾಗಿದ ಕಥೆ. 2002ರಲ್ಲಿ ಬಹರೇನ್‌ನಲ್ಲಿ ವ್ಲಾಡಿಮಿರ್ ಕ್ರಾಮ್ನಿಕ್ ಡೀಪ್ ಫ್ರಿಟ್ಜ್ ಎಂಬ ಚೆಸ್ ಪ್ರೋಗ್ರಾಂ ಜೊತೆ 4–4ರಿಂದ ಸಮ ಮಾಡಿಕೊಂಡರು. 2003ರಲ್ಲಿ ಕ್ಯಾಸ್ಪರೋವ್ ಡೀಪ್ ಜೂನಿಯರ್ ಜೊತೆ 3–3. 2005ರಲ್ಲಿ ಇಂಗ್ಲೆಂಡಿನ ಮೈಕೆಲ್ ಆ್ಯಡಮ್ಸ್ ಹೈಡ್ರಾ ಎದುರು 0.5–5.5ರಿಂದ ನೆಲಕಚ್ಚಿದರು.

2006ರ ನವೆಂಬರ್‌ನಲ್ಲಿ ಜರ್ಮನಿಯ ಬಾನ್‌ನಲ್ಲಿ, ವಿಶ್ವ ಚಾಂಪಿಯನ್ ಕ್ರಾಮ್ನಿಕ್ ಮತ್ತೆ ಡೀಪ್ ಫ್ರಿಟ್ಜ್ ಎದುರು ಕುಳಿತರು. ಎರಡನೇ ಆಟದ 34ನೇ ನಡೆಗೆ ಅವರು ಸಮಾಧಾನದಿಂದಲೇ ರಾಣಿಯನ್ನು ಮುಂದಿಟ್ಟರು. ಮರುನಡೆಗೆ ಚೆಕ್‌ಮೇಟ್! ಹೊಸದಾಗಿ ಚೆಸ್ ಕಲಿಯುವ ಮಕ್ಕಳಿಗೂ ಕಾಣುವ ಒಂದೇ ನಡೆಯ ಮೇಟ್. ಕ್ರಾಮ್ನಿಕ್ ಹಣೆಗೆ ಕೈಯಿಟ್ಟುಕೊಂಡರು. ಪಂದ್ಯ 4–2ರಿಂದ ಯಂತ್ರಕ್ಕೆ. ಡೀಪ್ ಫ್ರಿಟ್ಜ್ ಓಡಿದ್ದು ಅಂಗಡಿಯಲ್ಲಿ ಸಿಗುವಂಥ ಇಂಟೆಲ್ ಪ್ರೊಸೆಸರುಗಳ ಮೇಲೆ. ನೋಡುತ್ತಿದ್ದುದು ಸೆಕೆಂಡಿಗೆ 80 ಲಕ್ಷ ಸ್ಥಿತಿ, ಡೀಪ್ ಬ್ಲೂ ನೋಡಿದ್ದರ 25ನೇ ಒಂದು ಭಾಗ. ಯಂತ್ರಗಳು ಕಡಿಮೆ ನೋಡಿ ಹೆಚ್ಚು ತಿಳಿಯುವುದನ್ನು ಕಲಿಯುತ್ತಿದ್ದವು. ಅದಾದ ಮೇಲೆ ಯಾವ ವಿಶ್ವ ಚಾಂಪಿಯನ್ನನೂ ಸರಿಸಮಾನ ನಿಯಮದಲ್ಲಿ ಕಂಪ್ಯೂಟರ್ ಜೊತೆ ಇಂಥ ಪಂದ್ಯ ಆಡಿಲ್ಲ.

2017ರ ಡಿಸೆಂಬರ್‌ನಲ್ಲಿ ಡೀಪ್‌ಮೈಂಡ್ ಸಂಸ್ಥೆಯ ಆಲ್ಫಾಝೀರೋ ಬಂತು. ಇದರೊಳಗೆ ಗ್ರ್ಯಾಂಡ್‌ಮಾಸ್ಟರುಗಳಿಲ್ಲ, ಆರಂಭದ ನಡೆಗಳ ಭಂಡಾರವಿಲ್ಲ, ಕುದುರೆಗೆ 3, ಆನೆಗೆ 5 ಎಂಬ ಕೋಷ್ಟಕವೂ ಇಲ್ಲ. ಆಟದ ನಿಯಮಗಳನ್ನಷ್ಟೇ ಕೊಟ್ಟು ತನ್ನೊಡನೆ ತಾನೇ ಆಡಿಕೊಳ್ಳಲು ಬಿಟ್ಟರು. ಆಗಿನ ಬಲಿಷ್ಠ ಪ್ರೋಗ್ರಾಂಗಳಲ್ಲಿ ಒಂದಾದ ಸ್ಟಾಕ್‌ಫಿಶ್ ವಿರುದ್ಧ ನೂರು ಆಟ ಆಡಿ 28 ಗೆದ್ದಿತು, 72 ಡ್ರಾ, ಸೋಲು ಸೊನ್ನೆ. ನೋಡುತ್ತಿದ್ದುದು ಸೆಕೆಂಡಿಗೆ 80 ಸಾವಿರ ಸ್ಥಿತಿ ಮಾತ್ರ. ಪದಾತಿಗಳನ್ನು ಧಾರಾಳವಾಗಿ ಬಿಟ್ಟುಕೊಟ್ಟು, ಅಂಚಿನ ಪದಾತಿಯನ್ನು ರಾಜನತ್ತ ದೂಡುವ ಅದರ ಆಟವನ್ನು ಗ್ರ್ಯಾಂಡ್‌ಮಾಸ್ಟರುಗಳು ಕುಳಿತು ಅಭ್ಯಾಸ ಮಾಡಿದರು.

ಕೇಳುವ ಮೊದಲು ಯೋಚಿಸಿದವರು

ಯಂತ್ರವನ್ನು ವೈರಿಯೆಂದು ನೋಡದೆ ಪಕ್ಕದಲ್ಲಿ ಕೂರಿಸಿಕೊಂಡವರಲ್ಲಿ ವಿಶ್ವನಾಥನ್ ಆನಂದ್ ಮೊದಲಿಗರ ಸಾಲಿನವರು. 1998ರಲ್ಲಿ ಸ್ಪೇನ್‌ನ ಲಿಯೋನ್‌ನಲ್ಲಿ ಕ್ಯಾಸ್ಪರೋವ್ ಹೊಸ ಬಗೆಯ ಚೆಸ್ ಆರಂಭಿಸಿದರು. ಇಬ್ಬರೂ ಆಟಗಾರರ ಪಕ್ಕ ಒಂದೊಂದು ಕಂಪ್ಯೂಟರ್, ಬೇಕಾದ್ದನ್ನು ನೋಡಿಕೊಳ್ಳಬಹುದು. ಮರುವರ್ಷ ಅಲ್ಲಿ ಆನಂದ್ ಕಾರ್ಪೋವ್ ಅವರನ್ನು 5–1ರಿಂದ ಮಣಿಸಿದರು. ಇಬ್ಬರ ಬಳಿಯೂ ಯಂತ್ರವಿತ್ತು. ಅದರೊಡನೆ ಹೇಗೆ ಕೆಲಸ ಮಾಡಬೇಕೆಂದು ಆನಂದ್‌ಗೆ ಚೆನ್ನಾಗಿ ಗೊತ್ತಿತ್ತು.

ಇಂದು ಹತ್ತು ವರ್ಷದ ಮಕ್ಕಳ ಮೊಬೈಲಿನಲ್ಲೂ ಕ್ಯಾಸ್ಪರೋವ್‌ಗಿಂತ ಬಲಿಷ್ಠ ಎಂಜಿನ್, ಅಂದರೆ ಚೆಸ್ ಪ್ರೋಗ್ರಾಂ, ಇದೆ. ಯಾವ ನಡೆ ಸರಿ ಎಂದು ಅದು ಕ್ಷಣದಲ್ಲಿ ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ಆ 'ಏಕೆ'ಯನ್ನು ಹುಡುಕುವ ಅಭ್ಯಾಸ ಬೆಳೆಯುವ ಮೊದಲೇ ಉತ್ತರ ಕೈಗೆ ಬಂದರೆ ಏನಾದೀತು ಎಂಬ ಚಿಂತೆ ನನ್ನನ್ನು ನಿಜವಾಗಿ ಕಾಡುತ್ತದೆ. ಚೆನ್ನೈನ ಡಿ. ಗುಕೇಶ್ ಅವರ ಕೋಚ್ ವಿಷ್ಣು ಪ್ರಸನ್ನ ಇದಕ್ಕೆ ಧೈರ್ಯದ ಉತ್ತರ ಕಂಡುಕೊಂಡರು. ಹುಡುಗ ಗ್ರ್ಯಾಂಡ್‌ಮಾಸ್ಟರ್ ಮಟ್ಟ ಮುಟ್ಟುವವರೆಗೂ ಅವನಿಗೆ ಎಂಜಿನ್ ಕೊಡಲಿಲ್ಲ. ಪ್ರತಿ ಸ್ಥಿತಿಯನ್ನೂ ತಲೆಯಲ್ಲೇ ಬಿಡಿಸಬೇಕು, ತಪ್ಪಿದರೆ ತಪ್ಪಲಿ. 2019ರ ಜನವರಿಯಲ್ಲಿ, 12 ವರ್ಷ 7 ತಿಂಗಳಿಗೆ, ಗುಕೇಶ್ ಗ್ರ್ಯಾಂಡ್‌ಮಾಸ್ಟರ್ ಆದರು.

2024ರ ಡಿಸೆಂಬರ್ 12, ಸಿಂಗಪುರ. ವಿಶ್ವ ಚಾಂಪಿಯನ್‌ಷಿಪ್‌ನ 14ನೇ ಆಟ, ಅಂಕ 6.5–6.5. ಚೀನಾದ ದಿಂಗ್ ಲಿರೆನ್ 55ನೇ ನಡೆಗೆ ಆನೆಯನ್ನು ಹಿಂದಕ್ಕೆ ತಂದು ನಿಲ್ಲಿಸಿದರು. ಜಗತ್ತಿನಾದ್ಯಂತ ನೇರಪ್ರಸಾರ ನೋಡುತ್ತಿದ್ದವರ ಪರದೆಯಲ್ಲಿ ಎಂಜಿನ್ ತೋರಿಸುವ ಪಟ್ಟಿ ಒಮ್ಮೆಗೇ ಕಪ್ಪಿನ ಕಡೆಗೆ ವಾಲಿತು. ಡ್ರಾ ಆಗುವಂತಿದ್ದ ಆಟ ಈಗ ಗುಕೇಶ್ ಗೆಲ್ಲಬಹುದಾದ ಆಟ ಎಂದು ಚೆಸ್ ಅರಿಯದವರಿಗೂ ತಿಳಿಯಿತು.

ಅದು ತಿಳಿಯದೆ ಇದ್ದದ್ದು ಆ ಕೋಣೆಯೊಳಗಿನ ಇಬ್ಬರಿಗೆ ಮಾತ್ರ. ಅಲ್ಲಿ ಪರದೆಯಿರಲಿಲ್ಲ. ಕೆಲವು ಸೆಕೆಂಡು ತನಗೆ ಅದು ಹೊಳೆಯಲೇ ಇಲ್ಲ, ಬೇರೆ ನಡೆಯನ್ನು ಆಡುವವನಿದ್ದೆ ಎಂದು ಗುಕೇಶ್ ನಂತರ ಹೇಳಿದರು. ಆಮೇಲೆ ಮೂಲೆ ಸೇರಿದ್ದ ಬಿಳಿ ಒಂಟೆ ಕಣ್ಣಿಗೆ ಬಿತ್ತು. ಆನೆಗೆ ಆನೆ ಕೊಟ್ಟು, ಒಂಟೆಗೆ ಒಂಟೆ ಒಡ್ಡಿದರೆ ದಿಂಗ್‌ಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಉಳಿಯುವುದು ರಾಜರು ಮತ್ತು ಪದಾತಿಗಳು, ಕಪ್ಪಿಗೆ ಒಂದು ಪದಾತಿ ಹೆಚ್ಚು. ಗುಕೇಶ್ ಅದನ್ನು ಮತ್ತೊಮ್ಮೆ ಲೆಕ್ಕ ಹಾಕಿ ನೋಡಿ, ಆನೆಯನ್ನು ಹೊಡೆದರು. 58ನೇ ನಡೆಗೆ ದಿಂಗ್ ಸೋಲೊಪ್ಪಿಕೊಂಡರು. 18 ವರ್ಷದ ಗುಕೇಶ್ 7.5–6.5ರಿಂದ ವಿಶ್ವ ಚಾಂಪಿಯನ್ ಆದರು.